ವೃದ್ಧಕುಮಾರಿಯೂ ಮನಸ್ವಿನಿಯೂ

೧

ಲೋಕದಲ್ಲಿ ಹೆಸರಿಡುವ ರೀತಿ ಎರಡು. ಇರುವುದನ್ನು ನೋಡಿ ಹೆಸರಿಡುವುದು ಒಂದು ರೀತಿ. ಇಲ್ಲದಿರುವುದನ್ನು ನೋಡಿ ಹೆಸರಿಡುವುದು ಇನ್ನೊಂದು. ತೋಟದಲ್ಲಿ ನಿಂತ ತೆಂಗಿನ ಮರವನ್ನು ತೆಂಗೆಂದು ಕರೆಯುವೆವೇ ಹೊರತು ಅಡಕೆ ಬಿಡದ ಮರವೆಂದು ಯಾರೂ ಕರೆಯರು. ನಮ್ಮ ಬೀರೂರಿನಲ್ಲಿ ರೈಲಿನ ಹಾದಿಯು ಕವಲೊಡೆದು ಒಂದು ಹುಬ್ಬಳ್ಳಿಯ ಕಡೆಗೂ ಇನ್ನೊಂದು ಶಿವಮೊಗ್ಗದ ಕಡೆಗೂ ಹೋಗುವುದಷ್ಟೆ. ಶಿವಮೊಗ್ಗದ ಬಂಡಿಯನ್ನು 'ಹುಬ್ಬಳ್ಳಿಗೆ ಹೋಗದೆ ಉಳಿದ ಬಂಡಿ' ಎಂದು ಕರೆದವರನ್ನು ನಾನು ಈವರೆಗೆ ಕಂಡಿಲ್ಲ. ಜಡವಸ್ತುಗಳ ವಿಷಯದಲ್ಲಿ ನಾವು ಇಷ್ಟು ವಿವೇಕಿಗಳು. ಮನುಷ್ಯರ ವಿಷಯಕ್ಕೆ ಬಂದಾಗ, ಅದರಲ್ಲಿಯೂ ಸ್ತ್ರೀಯರ ವಿಷಯಕ್ಕೆ ಬಂದಾಗ, ಈ ವಿವೇಕವು ನಮ್ಮನ್ನು ಬಿಟ್ಟುಹೋಗುವುದು.

ವಿವಾಹವಿಲ್ಲದೆ ನಲವತ್ತೈವತ್ತು ವರ್ಷಗಳನ್ನು ದಾಟಿದ ಹೆಂಗಸನ್ನು ಕುರಿತು ನಮ್ಮ ಕಡೆಯಲ್ಲಿ ನಡೆಯುವ ಮಾತುಗಳನ್ನು ವಾಚಕಮಹಾಶಯರು ಬಲ್ಲರು. 'ಮದುವೆಯಾಗದೆ ಉಳಿದವಳು', 'ವಯಸ್ಸು ಮೀರಿದವಳು', 'ಹಳೆಯ ಕನ್ಯೆ' ಎಂಬಿವು ಬೆನ್ನ ಹಿಂದಿನ ಮಾತುಗಳು. ಎದುರಿನಲ್ಲಿ ಮರ್ಯಾದೆಯಿಂದ ಹೇಳಬೇಕಾದಾಗ, ಅಥವಾ ಅರ್ಜಿಯಲ್ಲಿ ಬರೆಯಬೇಕಾದಾಗ, 'ಕುಮಾರಿ' ಎನ್ನುವರು. ಮೊದಲಿನವು ಒಂದು ಕೊರತೆಯನ್ನು ಹೇಳುತ್ತವೆ. ಕಡೆಯದು ಇಲ್ಲದ ಬಾಲ್ಯವನ್ನು ಹೇಳುತ್ತದೆ. ಅರವತ್ತು ವರ್ಷ ಲೋಕವನ್ನು ಕಂಡು, ದುಡಿದು, ಹತ್ತು ಜನರಿಗೆ ಆಸರೆಯಾಗಿ ನಿಂತ ಜೀವಕ್ಕೆ ನಮ್ಮ ಭಾಷೆ ಕೊಡುವುದು ಈ ಎರಡೇ ಆದರೆ ಕೊರತೆಯು ಆಕೆಯದಲ್ಲ, ಭಾಷೆಯದು.

ಇದೇ ಸ್ಥಿತಿಯಲ್ಲಿರುವ ಗಂಡಸಿನ ಪಾಡು ಬೇರೆ. ಮದುವೆಯಾಗದೆ ಮುಪ್ಪಾದವನನ್ನು ಬ್ರಹ್ಮಚಾರಿಯೆನ್ನುವೆವು. ಆ ಶಬ್ದವು ಉಚ್ಚಾರವಾದೊಡನೆ ಭೀಷ್ಮನೂ ಆಂಜನೇಯನೂ ಕಣ್ಣ ಮುಂದೆ ಬರುವರು. ಗಂಡಸಿನ ಒಂಟಿತನವು ವ್ರತವೆನಿಸಿತು, ಹೆಂಗಸಿನದು ಉಳಿಕೆಯೆನಿಸಿತು. ಸಮುದ್ರತೀರದಲ್ಲಿ ನಿಂತ ಕನ್ಯಾಕುಮಾರಿಗೆ ಕೈಮುಗಿದು ಬಂದವರು ಮನೆಯ ಅವಿವಾಹಿತ ಸೋದರತ್ತೆಯನ್ನು ನೋಡಿ ಅಯ್ಯೋ ಪಾಪವೆನ್ನುವುದು ನಮ್ಮಲ್ಲಿ ನಡೆದುಬಂದ ಸಂಗತಿ.

ನಿಮಿತ್ತವು ಹೋದರೆ ಆ ನಿಮಿತ್ತದಿಂದ ಉಂಟಾದದ್ದೂ ಹೋಗುವುದೆಂದು ವೈಯಾಕರಣರಲ್ಲಿ ಒಂದು ನ್ಯಾಯವುಂಟು. ಈ ಹೆಸರುಗಳು ಯಾವ ನಿಮಿತ್ತದಿಂದ ಹುಟ್ಟಿದವು, ಆ ನಿಮಿತ್ತಗಳು ಈಗಲೂ ಇವೆಯೇ, ಹೋಗಿದ್ದರೆ ಹೆಸರು ಮಾತ್ರ ನಿಲ್ಲುವುದು ನ್ಯಾಯವೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಈ ಸ್ಥಿತಿಗೆ ನಮ್ಮ ವಾಙ್ಮಯದಲ್ಲಿ ದೊರೆಯುವ ಅತಿ ಪ್ರಾಚೀನವಾದ ಹೆಸರು ಋಗ್ವೇದದ 'ಅಮಾಜೂಃ' ಎಂಬುದು. 'ಅಮಾ' ಎಂದರೆ ಮನೆಯಲ್ಲಿ. ಮನೆಯಲ್ಲಿಯೇ ಮುಪ್ಪಾಗುವವಳು ಎಂದು ಶಬ್ದಾರ್ಥ. ತಂದೆತಾಯಿಗಳೊಡನೆಯೇ ಇದ್ದು ವಯಸ್ಸಾಗುತ್ತಿರುವ ಮಗಳು ಮನೆಯ ಸ್ವತ್ತಿನಲ್ಲಿ ತನ್ನ ಭಾಗವನ್ನು ಬೇಡುವಂತೆ ನಾನು ನಿನ್ನಲ್ಲಿ ಭಾಗ್ಯವನ್ನು ಬೇಡುತ್ತೇನೆಂದು ಒಬ್ಬ ಋಷಿಯು ಇಂದ್ರನನ್ನು ಸ್ತುತಿಸುತ್ತಾನೆ. ಈ ಉಪಮೆಯನ್ನು ಗಮನಿಸಬೇಕು. ಇಲ್ಲಿ ಹಾಸ್ಯವಿಲ್ಲ, ನಿಂದೆಯಿಲ್ಲ. ಒಂದು ಹಕ್ಕಿನ ಮಾತಿದೆ. ಕಕ್ಷೀವಂತನ ಮಗಳಾದ ಘೋಷೆಯು ರೋಗದ ದೆಸೆಯಿಂದ ಬಹುಕಾಲ ತಂದೆಯ ಮನೆಯಲ್ಲಿಯೇ ಉಳಿದಳೆಂದು ಸಂಪ್ರದಾಯವು ಹೇಳುವುದು. ಹತ್ತನೆಯ ಮಂಡಲದ ಎರಡು ಸೂಕ್ತಗಳಿಗೆ ಆಕೆಯೇ ಋಷಿ. ಮನೆಯಲ್ಲಿ ಉಳಿದವಳೂ ಮಂತ್ರದ್ರಷ್ಟ್ರಿಯಾಗಬಹುದೆಂದು ಆ ಕಾಲವು ಒಪ್ಪಿತ್ತು.

ಮುಂದೆ ಸ್ಮೃತಿಗಳ ಕಾಲಕ್ಕೆ ಹೆಣ್ಣಿನ ಹೆಸರು ಆಕೆಯ ವಯಸ್ಸಿನೊಡನೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗತೊಡಗಿತು. ಎಂಟು ವರ್ಷದವಳು ಗೌರಿ, ಒಂಬತ್ತು ವರ್ಷದವಳು ರೋಹಿಣಿ, ಹತ್ತು ವರ್ಷದವಳು ಕನ್ಯೆ. ಅದಕ್ಕೆ ಮೇಲೆ ರಜಸ್ವಲೆ. ಈ ಕಡೆಯ ಮೆಟ್ಟಿಲಿನಲ್ಲಿ ಮಗಳನ್ನು ಮನೆಯಲ್ಲಿಟ್ಟುಕೊಂಡ ತಂದೆಗೆ ಪಾಪವೆಂದೂ, ಅಂತಹವಳು ವೃಷಲಿಯೆಂದೂ ಕೆಲವು ಸ್ಮೃತಿಕಾರರು ಹೇಳಿದರು. ಇವು ಬರಿಯ ಹೆಸರುಗಳಲ್ಲ, ಒಂದೊಂದೂ ಒಂದು ಗಡುವು. ಹೆಸರು ಕೆಳಗಿಳಿದಂತೆ ತಂದೆಯ ಎದೆ ನಡುಗಬೇಕೆಂಬುದೇ ಅವುಗಳ ಪ್ರಯೋಜನ.

ಆದರೂ ಮನುವಿನ ಒಂದು ವಚನವನ್ನು ಇಲ್ಲಿ ಮರೆಯಲಾಗದು. ಗುಣಹೀನನಾದವನಿಗೆ ಕೊಡುವುದಕ್ಕಿಂತ ಮಗಳು ಋತುಮತಿಯಾದರೂ ಮರಣದವರೆಗೆ ತಂದೆಯ ಮನೆಯಲ್ಲಿಯೇ ಇರುವುದು ಮೇಲು ಎಂಬುದು ಅದರ ತಾತ್ಪರ್ಯ. ಸ್ತ್ರೀಯರ ಸ್ವಾತಂತ್ರ್ಯದ ವಿಷಯದಲ್ಲಿ ಬಹು ಬಿಗಿಯಾದ ಗ್ರಂಥವೆಂದು ಹೆಸರಾದುದರಲ್ಲಿಯೇ ಈ ಮಾತು ಇರುವುದರಿಂದ ಇದಕ್ಕೆ ತೂಕ ಹೆಚ್ಚು. ಕೆಟ್ಟ ಮದುವೆಗಿಂತ ಮದುವೆಯಿಲ್ಲದಿರುವುದು ಮೇಲೆಂದು ಶಾಸ್ತ್ರವೇ ಹೇಳಿದಮೇಲೆ, ಹಾಗೆ ಉಳಿದವಳನ್ನು ನಿಂದಿಸಲು ಶಾಸ್ತ್ರದ ಹೆಸರನ್ನು ತರುವವರು ಶಾಸ್ತ್ರವನ್ನು ಅರ್ಧವೇ ಓದಿದವರು.

೩

ವೈಯಾಕರಣರು ಈ ವಿಷಯದಲ್ಲಿ ನಮಗೆ ಕೊಟ್ಟಿರುವುದು ಸಣ್ಣದಲ್ಲ. ಪಾಣಿನಿಯು ಮೊದಲ ವಯಸ್ಸನ್ನು ಹೇಳುವ ಶಬ್ದಗಳಿಗೆ ಸ್ತ್ರೀಲಿಂಗದಲ್ಲಿ ಒಂದು ಪ್ರತ್ಯಯವನ್ನು ವಿಧಿಸಿದ್ದಾನೆ. ಕುಮಾರೀ, ಕಿಶೋರೀ ಎಂಬ ರೂಪಗಳು ಅದರಿಂದ ಬಂದವು. ವೃದ್ಧಾ, ಸ್ಥವಿರಾ ಎಂಬಲ್ಲಿ ಆ ಪ್ರತ್ಯಯವಿಲ್ಲ. ಆದ್ದರಿಂದ 'ವೃದ್ಧಕುಮಾರೀ' ಎಂದರೆ ಮುಪ್ಪಿನ ಎಳೆಯಳು ಎಂದಂತಾಗುವುದು; ಗೌಣಾರ್ಥದಿಂದಲೇ ಅದನ್ನು ಸಮರ್ಥಿಸಬೇಕು. ನಮ್ಮ ಅರ್ಜಿಯ ನಮೂನೆಗಳಲ್ಲಿ ಅರವತ್ತು ವರ್ಷದವರ ಹೆಸರಿನ ಮುಂದೆ 'ಕುಮಾರಿ' ಎಂದು ಕಂಡಾಗಲೆಲ್ಲ ನನಗೆ ಈ ಸೂತ್ರವು ನೆನಪಾಗುವುದು.

ಆದರೆ ಇದೇ ವೃದ್ಧಕುಮಾರಿಯನ್ನು ಪತಂಜಲಿಯು ಮಹಾಭಾಷ್ಯದಲ್ಲಿ ಚಿರಸ್ಥಾಯಿಯಾಗಿ ಮಾಡಿದ್ದಾನೆ. ಒಂದೇ ಒಂದು ವರವನ್ನು ಕೇಳೆಂದು ಇಂದ್ರನು ಹೇಳಲು, ತನ್ನ ಮಕ್ಕಳು ಕಂಚಿನ ತಟ್ಟೆಯಲ್ಲಿ ಹಾಲು ತುಪ್ಪ ಹೇರಳವಾಗಿರುವ ಅನ್ನವನ್ನು ಉಣ್ಣಲಿ ಎಂದು ಆಕೆ ಕೇಳಿದಳಂತೆ. ಆಗ ಆಕೆಗೆ ಪತಿಯೇ ಇಲ್ಲ. ಮಕ್ಕಳೆಲ್ಲಿಂದ, ಹಸುವೆಲ್ಲಿಂದ, ಧಾನ್ಯವೆಲ್ಲಿಂದ? ಒಂದು ವಾಕ್ಯದಲ್ಲಿ ಇವೆಲ್ಲವನ್ನೂ ಆಕೆ ಸಂಗ್ರಹಿಸಿಬಿಟ್ಟಳು. ಒಂದು ಮಾತಿನಿಂದ ಅನೇಕ ಅರ್ಥಗಳು ಸಿದ್ಧಿಸುವೆಡೆಯಲ್ಲೆಲ್ಲ ಶಾಸ್ತ್ರಜ್ಞರು ವೃದ್ಧಕುಮಾರಿಯ ವಾಕ್ಯವನ್ನು ದೃಷ್ಟಾಂತವಾಗಿ ಹೇಳುವರು. ಆಕೆಯ ವರದಲ್ಲಿ ಪತಿಪುತ್ರರು ಸೇರಿರುವುದು ನಿಜ. ಅಂದಿನ ಹೆಣ್ಣಿಗೆ ಅನ್ನದ ದಾರಿಯೂ ಅದೇ ಆಗಿತ್ತು. ಆದರೆ ಪಂಡಿತರು ಎರಡು ಸಾವಿರ ವರ್ಷ ಆಕೆಯನ್ನು ನೆನೆದುದು ಕೊರತೆಗಾಗಿಯಲ್ಲ, ಬುದ್ಧಿಗಾಗಿ.

ಇನ್ನೊಂದು ಸೂಕ್ಷ್ಮವು ಇದಕ್ಕಿಂತಲೂ ಮುಖ್ಯ. ಆಚಾರ್ಯನ ಹೆಂಡತಿಯನ್ನು 'ಆಚಾರ್ಯಾನೀ' ಎನ್ನಬೇಕು; ತಾನೇ ಶಾಸ್ತ್ರವನ್ನು ವ್ಯಾಖ್ಯಾನಮಾಡುವವಳನ್ನು 'ಆಚಾರ್ಯಾ' ಎನ್ನಬೇಕು. ಮೊದಲನೆಯದು ಪುಂಯೋಗದಿಂದ, ಎಂದರೆ ಪುರುಷನ ಸಂಬಂಧದಿಂದ, ಬಂದ ಹೆಸರು. ಎರಡನೆಯದು ಸ್ವಂತ ಕರ್ಮದಿಂದ ಬಂದದ್ದು. ಹೆಣ್ಣಿಗೆ ಎರಡು ದಾರಿಗಳಲ್ಲಿ ಹೆಸರು ಬರಬಹುದೆಂಬುದನ್ನು ನಮ್ಮ ವ್ಯಾಕರಣವು ಬಹು ಹಿಂದೆಯೇ ಕಂಡುಕೊಂಡಿತ್ತು. ಕಾಲಕ್ರಮದಲ್ಲಿ ನಾವು ಎರಡನೆಯ ದಾರಿಯಲ್ಲಿ ಹುಲ್ಲು ಬೆಳೆಯಗೊಟ್ಟೆವು. ಅವಿವಾಹಿತೆಯ ಹೆಸರೂ ಪುಂಯೋಗದ ಹೆಸರೇ ಸರಿ. ಪುರುಷನಿಲ್ಲವೆಂಬ ಸಂಬಂಧದಿಂದ ಬಂದದ್ದು.

೪

ಮಹಾಭಾರತದಲ್ಲಿ ಈ ವಿಷಯವನ್ನು ಎರಡು ಕಡೆಗಳಿಂದಲೂ ಹೇಳುವ ಇಬ್ಬರು ಸ್ತ್ರೀಯರ ಕಥೆಗಳಿವೆ. ಶಲ್ಯಪರ್ವದಲ್ಲಿ ಬಲರಾಮನು ತೀರ್ಥಯಾತ್ರೆ ಮಾಡುವಾಗ ಸರಸ್ವತೀತೀರದ ವೃದ್ಧಕನ್ಯಾತೀರ್ಥದ ವೃತ್ತಾಂತವು ಬರುವುದು. ಕುಣಿಗರ್ಗನೆಂಬ ಋಷಿಯ ಮಗಳು ತನಗೆ ತಕ್ಕ ಪತಿಯನ್ನು ಕಾಣದೆ ತಪಸ್ಸಿನಲ್ಲಿಯೇ ಮುಪ್ಪಾದಳು. ಹೆಜ್ಜೆಯಿಡಲೂ ಶಕ್ತಿಯಿಲ್ಲದಂತಾದಾಗ ದೇಹವನ್ನು ಬಿಡಬೇಕೆಂದು ನಿಶ್ಚಯಿಸಿದಳು. ಆಗ ನಾರದನು ಬಂದು, ವಿವಾಹಸಂಸ್ಕಾರವಿಲ್ಲದ ಕನ್ಯೆಗೆ ಪುಣ್ಯಲೋಕಗಳೆಲ್ಲಿಯವು ಎಂದು ಕೇಳಿದನು. ಅಷ್ಟು ದೀರ್ಘಕಾಲದ ತಪಸ್ಸು ಒಂದು ಮಾತಿನಲ್ಲಿ ವ್ಯರ್ಥವಾಯಿತು. ತನ್ನ ಕೈಹಿಡಿದವನಿಗೆ ತಪಸ್ಸಿನ ಅರ್ಧಭಾಗವನ್ನು ಕೊಡುವೆನೆಂದು ಆಕೆ ಋಷಿಗಳ ಸಭೆಯಲ್ಲಿ ಹೇಳಿದಳು. ಗಾಲವನ ಮಗನಾದ ಶೃಂಗವಂತನು ಒಂದೇ ರಾತ್ರಿಯ ನಿಯಮದಿಂದ ಒಪ್ಪಿದನು. ರಾತ್ರಿ ಆಕೆ ತರುಣಿಯಾದಳು. ಬೆಳಗಾಗುತ್ತಲೇ ದೇಹವನ್ನು ಬಿಟ್ಟು ಸ್ವರ್ಗಕ್ಕೆ ಹೋದಳು. ಕಥೆಯನ್ನು ಕೇಳಿದವರು ಆಕೆಗೆ ಸದ್ಗತಿಯಾಯಿತೆಂದು ಸಂತೋಷಪಡುವರು. ನಾನು ಲೆಕ್ಕದ ಮೇಷ್ಟರ ಹಾಗೆ ಇನ್ನೊಂದನ್ನು ನೋಡುತ್ತೇನೆ: ಒಂದು ರಾತ್ರಿಯ ಪತಿತ್ವಕ್ಕೆ ಒಂದು ಜನ್ಮದ ತಪಸ್ಸಿನಲ್ಲಿ ಅರ್ಧ ಬೆಲೆ. ಹೆಸರಿನ ಭಾರ ಎಷ್ಟೆಂಬುದನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಅಳತೆ ಬೇಡ.

ಇದೇ ಭಾರತದ ಶಾಂತಿಪರ್ವದಲ್ಲಿ ಸುಲಭೆಯೆಂಬ ಭಿಕ್ಷುಕಿಯು ಮಿಥಿಲೆಗೆ ಬರುವಳು. ಜನಕನು ಆಕೆಯನ್ನು ಕೇಳುವ ಪ್ರಶ್ನೆಗಳು ಇಂದಿಗೂ ನಮ್ಮ ರೈಲಿನಲ್ಲಿ ಎದುರು ಕುಳಿತವರು ಕೇಳುವ ಪ್ರಶ್ನೆಗಳೇ: ನೀನು ಯಾರು, ಯಾರವಳು, ಎಲ್ಲಿಂದ ಬಂದೆ? ಸುಲಭೆಯು ಮೊದಲು ಒಳ್ಳೆಯ ಮಾತಿನ ಲಕ್ಷಣವೇನೆಂಬುದನ್ನು ಹೇಳಿ, ಬಳಿಕ ಆ ಪ್ರಶ್ನೆಯನ್ನೇ ಬಿಡಿಸುವಳು. ಮುಕ್ತನೆಂದು ಹೇಳಿಕೊಳ್ಳುವವನು ಒಂದು ಜೀವವನ್ನು ಕುರಿತು ಇದು ಯಾರದು ಎಂದು ಕೇಳಬಹುದೇ ಎಂಬುದು ಆಕೆಯ ಆಕ್ಷೇಪಣೆ. ತಾನು ರಾಜರ್ಷಿವಂಶದಲ್ಲಿ ಹುಟ್ಟಿದವಳು, ತಕ್ಕ ಪತಿ ದೊರೆಯಲಿಲ್ಲ, ಮೋಕ್ಷಧರ್ಮವನ್ನು ಕಲಿತು ಒಂಟಿಯಾಗಿ ಸಂಚರಿಸುತ್ತೇನೆ ಎಂದು ಕಡೆಯಲ್ಲಿ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುವಳು. ಅದರಲ್ಲಿ ಅಳಲೂ ಇಲ್ಲ, ಸಮರ್ಥನೆಯೂ ಇಲ್ಲ. ಜನಕನು ಪ್ರತ್ಯುತ್ತರ ಕೊಡಲಿಲ್ಲವೆಂದು ವ್ಯಾಸರು ಹೇಳುತ್ತಾರೆ.

ಕನ್ನಡ ನಾಡಿನಲ್ಲಿ ಹನ್ನೆರಡನೆಯ ಶತಮಾನದಲ್ಲಿ ಇದೇ ಪ್ರಶ್ನೆ ಮತ್ತೊಮ್ಮೆ ಎದ್ದಿತು. ನಮ್ಮ ನೆರೆಯ ಶಿವಮೊಗ್ಗೆಯ ಸೀಮೆಯ ಉಡುತಡಿಯಿಂದ ಕಲ್ಯಾಣಕ್ಕೆ ಹೋದ ಮಹಾದೇವಿಯನ್ನು ಅಲ್ಲಮಪ್ರಭುವು ನಿನ್ನ ಪತಿ ಯಾರೆಂದು ಕೇಳಿ ಪರೀಕ್ಷಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಯನ್ನು ಓದಿದವರು ಬಲ್ಲರು. ಕೌಶಿಕನ ಕಥೆಯನ್ನು ಕವಿಗಳು ಬೇರೆಬೇರೆಯಾಗಿ ಹೇಳಿರುವರು. ಅದು ಹೇಗೇ ಇರಲಿ, ಶರಣರು ಆಕೆಗೆ ಕೊಟ್ಟ ಹೆಸರು ಮಾತ್ರ ಒಂದೇ. ವಯಸ್ಸಿನಲ್ಲಿ ಹಿರಿಯರಾದವರೂ ಆಕೆಯನ್ನು 'ಅಕ್ಕ' ಎಂದರು. ಯಾರವಳು ಎಂಬ ಪ್ರಶ್ನೆಗೆ ಸಮಾಜವು ಕೊಡಬಹುದಾದ ಉತ್ತರಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಅರಿಯೆ. ಅಕ್ಕನಾದವಳು ಒಬ್ಬನವಳಲ್ಲ, ಎಲ್ಲರವಳು.

೫

ಇನ್ನು ನಿಮಿತ್ತಗಳ ವಿಚಾರ. ಹಳೆಯ ಹೆಸರುಗಳು ನಿಂತಿದ್ದುದು ಮೂರು ಕಂಬಗಳ ಮೇಲೆ: ವಯಸ್ಸಿನ ಗಡುವು, ಸ್ವತ್ತಿಲ್ಲದಿರುವಿಕೆ, ಜೀವನೋಪಾಯವಿಲ್ಲದಿರುವಿಕೆ.

ಮೊದಲನೆಯ ಕಂಬವನ್ನು ಕಾನೂನೇ ಕೆಡವಿತು. ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ಮೈಸೂರು ಸಂಸ್ಥಾನವು ೧೮೯೪ರಲ್ಲಿ ನಿಷೇಧಿಸಿತು. ೧೯೨೯ರ ಶಾರದಾ ಕಾಯಿದೆಯು ವಧುವಿನ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿತು. ೧೯೭೮ರಲ್ಲಿ ಅದು ಹದಿನೆಂಟಾಯಿತು. ಗೌರೀದಾನವು ಪುಣ್ಯವಾಗಿದ್ದುದು ಈಗ ಅಪರಾಧವಾಗಿದೆ. ಸ್ಮೃತಿಯ ಆ ಮೆಟ್ಟಿಲುಗಳೆಲ್ಲ ಕಿತ್ತುಹೋದಮೇಲೆ ಕಡೆಯ ಮೆಟ್ಟಿಲಿನ ನಿಂದೆಯೊಂದೇ ಗಾಳಿಯಲ್ಲಿ ನಿಂತಿರುವುದು ವಿಚಿತ್ರ. ಗೌರಿ, ರೋಹಿಣಿ ಎಂಬ ಹೆಸರುಗಳು ವ್ಯವಹಾರದಿಂದ ಹೋದವು, ಯಾರಿಗೂ ನಷ್ಟವಾಗಲಿಲ್ಲ. ಹೆಸರು ಹೋದರೆ ಧರ್ಮವೇ ಹೋಗುವುದೆಂದು ಹೆದರುವವರು ಇದನ್ನು ನೆನೆಯಬೇಕು.

ಎರಡನೆಯದರ ಇತಿಹಾಸವು ಇನ್ನೂ ಸ್ವಾರಸ್ಯವಾದದ್ದು. ಸೋದರರು ತಮ್ಮ ಭಾಗದ ನಾಲ್ಕನೆಯ ಒಂದಂಶವನ್ನು ಕನ್ಯೆಯರಾದ ಸೋದರಿಯರಿಗೆ ಕೊಡಬೇಕೆಂದು ಮನುವೂ ಯಾಜ್ಞವಲ್ಕ್ಯನೂ ಹೇಳಿದ್ದರು. ಅದು ಮದುವೆಯ ಖರ್ಚಿಗಾಗಿ ಮಾತ್ರವೆಂದು ಕೆಲವರು ಅರ್ಥಮಾಡಿದಾಗ, ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಅದು ನಿಜವಾದ ಭಾಗವೇ ಎಂದು ವಾದಿಸಿದನು. ೧೯೩೩ರ ಮೈಸೂರು ಹಿಂದೂ ಸ್ತ್ರೀಹಕ್ಕುಗಳ ಕಾಯಿದೆಯು ವಿಭಾಗಕಾಲದಲ್ಲಿ ಅವಿವಾಹಿತ ಮಗಳಿಗೂ ಸೋದರಿಗೂ ಸೋದರನ ಭಾಗದ ನಾಲ್ಕನೆಯ ಒಂದಂಶವನ್ನು ಕೊಟ್ಟಿತು. ೧೯೯೪ರಲ್ಲಿ ಕರ್ನಾಟಕವು ಮಗಳಿಗೆ ಮಗನ ಸಮವಾದ ಭಾಗವನ್ನು ಕೊಟ್ಟಿತಾದರೂ, ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಸಲ್ಲಲಿಲ್ಲ. ಕಡೆಗೆ ೨೦೦೫ರ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯಾದ ಮಗಳು, ಆಗದ ಮಗಳು ಎಂಬ ಭೇದವೇ ಅಳಿಯಿತು. ಋಗ್ವೇದದ ಅಮಾಜೂಃ ಬೇಡಿದ ಭಾಗವು ಆಕೆಗೆ ಪೂರ್ತಿಯಾಗಿ ಸಿಕ್ಕಿದ್ದು ನಮ್ಮ ಕಾಲದಲ್ಲಿ. ಇಲ್ಲಿ ಒಂದನ್ನು ಪ್ರಾಮಾಣಿಕವಾಗಿ ಹೇಳಬೇಕು: ಈ ದೀರ್ಘಕಾಲವೆಲ್ಲ 'ಅವಿವಾಹಿತ ಮಗಳು' ಎಂಬ ಸಂಜ್ಞೆಯು ಆಕೆಯನ್ನು ಕಾಪಾಡಿತು. ಹೆಸರುಗಳೆಲ್ಲ ಕೆಟ್ಟವೆಂದು ಹೇಳುವಂತಿಲ್ಲ. ಹಕ್ಕನ್ನು ಕೊಡುವ ಹೆಸರು ಬೇರೆ, ಮುಖವನ್ನು ಬಾಡಿಸುವ ಹೆಸರು ಬೇರೆ.

ಮೂರನೆಯ ಕಂಬವು ಅರ್ಧ ಬಿದ್ದಿದೆ, ಅರ್ಧ ನಿಂತಿದೆ. ಬೀರೂರು, ಕಡೂರು, ತರೀಕೆರೆ, ಅಜ್ಜಂಪುರಗಳ ಶಾಲೆಗಳಲ್ಲಿ, ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ ದುಡಿಯುವ ಹೆಂಗಸರಲ್ಲಿ ಮದುವೆಯಾದವರೂ ಆಗದವರೂ ಇರುವರು. ತಿಂಗಳ ಕೊನೆಯಲ್ಲಿ ಸಂಬಳದ ಲೆಕ್ಕಕ್ಕೆ ಆ ಭೇದವಿಲ್ಲ. ಅಣ್ಣಾ ಮಣಿಯವರು ೧೯೪೦ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರಕ್ಕೆ ಬಂದು ರಾಮನ್ ಅವರಲ್ಲಿ ಸಂಶೋಧನೆ ಮಾಡಿದರು. ಬಳಿಕ ಭಾರತದ ಹವಾಮಾನ ಇಲಾಖೆಯಲ್ಲಿ ಉಪಮಹಾನಿರ್ದೇಶಕರ ಪದವಿಯವರೆಗೆ ಏರಿ ೧೯೭೬ರಲ್ಲಿ ನಿವೃತ್ತರಾದರು. ಸೂರ್ಯನ ತಾಪವನ್ನೂ ಗಾಳಿಯ ವೇಗವನ್ನೂ ಅಳೆಯುವ ಸಾಧನಗಳನ್ನು ಈ ದೇಶದಲ್ಲಿಯೇ ತಯಾರಿಸುವಂತೆ ಮಾಡಿದವರಲ್ಲಿ ಅವರು ಮೊದಲಿಗರು. ಅವರು ಮದುವೆಯಾಗಲಿಲ್ಲ. ೨೦೦೧ರಲ್ಲಿ ತೀರಿಕೊಂಡ ಆ ಮಹನೀಯರನ್ನು 'ಉಳಿದವರು' ಎನ್ನಲು ಯಾರ ನಾಲಗೆ ಬಂದೀತು?

ಆದರೆ ಎಲ್ಲರೂ ಅಣ್ಣಾ ಮಣಿಯಾಗಲಾರರು. ಅಣ್ಣತಮ್ಮಂದಿರ ಮನೆಯಲ್ಲಿ ಮೂವತ್ತು ವರ್ಷ ಮುಸುರೆ ತಿಕ್ಕಿ, ಅವರ ಮಕ್ಕಳನ್ನು ಎತ್ತಿ ಆಡಿಸಿ, ಅಡಕೆ ಸುಲಿದು, ಕೈಯಲ್ಲಿ ಕಾಸಿಲ್ಲದೆ ಮುಪ್ಪಾದವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರಿಗೆ ಪಾಲಿನ ಹಕ್ಕು ಕಾಗದದಲ್ಲಿದೆ; ಕೇಳಿದರೆ ತವರಿನ ಬಾಗಿಲು ಮುಚ್ಚುವುದೆಂಬ ಭಯವು ಎದೆಯಲ್ಲಿದೆ. ಇಲ್ಲಿ ನಿಮಿತ್ತವು ಹೋಗಿಲ್ಲ. ಇಂತಹವರನ್ನು ಯಾವ ಮಧುರವಾದ ಮಾತಿನಿಂದ ಕರೆದರೂ ಅವರ ಸ್ಥಿತಿಯು ಬದಲಾಗದು.

೬

ಇಲ್ಲಿ ಪೂರ್ವಪಕ್ಷಿಗಳು ಎರಡು ಆಕ್ಷೇಪಣೆಗಳನ್ನು ಹೇಳುವರು.

ಗೃಹಸ್ಥಾಶ್ರಮವೇ ಉಳಿದ ಮೂರು ಆಶ್ರಮಗಳಿಗೂ ಆಧಾರ. ಅವಿವಾಹಿತೆಯರಿಗೆ ಗೌರವ ಹೆಚ್ಚಿದರೆ ಆ ಆಧಾರವು ಸಡಿಲವಾಗುವುದು ಎಂಬುದು ಒಂದು. ಆಶ್ರಮಕ್ಕೆ ಆಧಾರವೆಂದರೆ ದುಡಿದು ಹತ್ತು ಜನಕ್ಕೆ ಅನ್ನವಿಕ್ಕುವುದು. ತಂದೆತಾಯಿಗಳನ್ನು ಕಡೆಗಾಲದಲ್ಲಿ ನೋಡಿಕೊಂಡು, ತಮ್ಮಂದಿರ ಓದಿಗೆ ಹಣ ಕೊಟ್ಟು, ತಂಗ್ಯಮ್ಮಂದಿರ ಮದುವೆ ಮಾಡಿಸಿ, ತನ್ನ ಮದುವೆಯ ಕಾಲವು ಅದರಲ್ಲಿಯೇ ಕಳೆದುಹೋದ ಹಿರಿಯ ಮಗಳು ಆ ಆಧಾರದ ಹೊರಗಿನವಳೇ? ಮನೆಯ ಕಂಬವನ್ನು ಮನೆಯಲ್ಲಿ ಸೇರಿಸದೆ ಲೆಕ್ಕಹಾಕುವುದು ಯಾವ ವಾಸ್ತು? ಇನ್ನು ತನ್ನ ಇಚ್ಛೆಯಿಂದಲೇ ಮದುವೆಯನ್ನು ಒಲ್ಲದವಳ ಮಾತು. ಒಲ್ಲದ ಗಂಡಸಿಗೆ ನಾವು ಕೊಡುವ ಮರ್ಯಾದೆಯನ್ನು ಆಕೆಗೂ ಕೊಟ್ಟರೆ ಸಾಕು.

ಹೆಸರನ್ನು ಬದಲಾಯಿಸುವುದರಿಂದ ಏನಾಗುವುದು, ಸ್ಥಿತಿಯು ಅದೇ ಇರುವುದಲ್ಲ ಎಂಬುದು ಎರಡನೆಯದು. ಇದರಲ್ಲಿ ಬಹಳ ಸತ್ಯವಿದೆ. ಚಿತ್ರದುರ್ಗ, ಬಳ್ಳಾರಿಯ ಸೀಮೆಗಳಲ್ಲಿ ಹೆಣ್ಣುಮಕ್ಕಳನ್ನು ಬಸವಿ ಬಿಡುತ್ತಿದ್ದರು. ದೇವರಿಗೆ ಬಿಟ್ಟ ಹೆಣ್ಣಿಗೆ ನಿತ್ಯಸುಮಂಗಲಿಯೆಂಬ ಹೆಸರೂ ಉಂಟು. ಕಿವಿಗೆ ಇದಕ್ಕಿಂತ ಇಂಪಾದ ಹೆಸರಿಲ್ಲ. ಆದರೆ ಅದನ್ನು ಹೊತ್ತವಳು ತಾನಾಗಿ ಅದನ್ನು ಆರಿಸಿಕೊಂಡಿರಲಿಲ್ಲ. ಆ ಹೆಸರಿನ ನೆರಳಿನಲ್ಲಿ ಆಕೆಯ ಬಾಳನ್ನು ಇತರರು ಸೂರೆಮಾಡಿದರು. ೧೯೮೨ರಲ್ಲಿ ಕರ್ನಾಟಕವು ದೇವದಾಸಿಯರ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆಯನ್ನು ಮಾಡಬೇಕಾಯಿತು. ಆದ್ದರಿಂದ ಹೆಸರಿನ ಒಳ್ಳೆಯತನವನ್ನು ಅದರ ಸೊಗಸಿನಿಂದ ಅಳೆಯಬಾರದು. ಅದನ್ನು ಹೊರುವವಳು ಒಪ್ಪಿದಳೇ, ಅದರಿಂದ ಆಕೆಗೆ ಏನು ದೊರೆಯಿತು ಎಂಬ ಎರಡು ಪ್ರಶ್ನೆಗಳೇ ಒರೆಗಲ್ಲು.

ಈ ಒರೆಗಲ್ಲಿಗೆ ನಮ್ಮ ಕಾಲದ ಒಂದು ಹೆಸರನ್ನು ಉಜ್ಜಿ ನೋಡೋಣ. ಕರ್ನಾಟಕ ಸರ್ಕಾರವು ೨೦೧೩ರಲ್ಲಿ ನಲವತ್ತರಿಂದ ಅರವತ್ತನಾಲ್ಕು ವರ್ಷದೊಳಗಿನ ಬಡ ಅವಿವಾಹಿತೆಯರಿಗೂ ವಿಚ್ಛೇದನ ಹೊಂದಿದವರಿಗೂ ಮಾಸಾಶನವನ್ನು ಏರ್ಪಡಿಸಿ, ಅದನ್ನು 'ಮನಸ್ವಿನಿ' ಎಂದು ಕರೆಯಿತು. ಮೊದಲಿಗೆ ತಿಂಗಳಿಗೆ ೫೦೦ ರೂಪಾಯಿ. ಮೊತ್ತವು ಚಿಕ್ಕದು, ಶಬ್ದವು ದೊಡ್ಡದು. ಧೃಢಚಿತ್ತವುಳ್ಳವಳು, ಸ್ವಾಭಿಮಾನವುಳ್ಳವಳು ಮನಸ್ವಿನಿ. ಇಲ್ಲದ್ದನ್ನು ಹಿಡಿದು ಕರೆಯುತ್ತಿದ್ದ ಹೆಣ್ಣನ್ನು ಇರುವುದನ್ನು ಹಿಡಿದು ಕರೆದ ಸರ್ಕಾರದ ಆದೇಶವೊಂದನ್ನು ನಾನು ಓದಿದ್ದು ಇದೇ ಮೊದಲು. ಶಬ್ದದ ಜೊತೆಗೆ ಹಣವೂ ಬಂದುದರಿಂದ ಇದು ಬರಿಯ ಉಪಚಾರವಾಗಲಿಲ್ಲ. ಆದರೂ ನಾಳೆ ಪಡಿತರದ ಅಂಗಡಿಯ ಮುಂದೆ ಯಾರನ್ನಾದರೂ ತೋರಿಸಿ 'ಅವಳು ಮನಸ್ವಿನಿ' ಎಂದು ತುಟಿಯಂಚಿನಲ್ಲಿ ನಕ್ಕರೆ ಈ ಶಬ್ದವೂ ವೃದ್ಧಕನ್ಯೆಯ ಗತಿಗೆ ಇಳಿಯುವುದು. ಶಬ್ದವನ್ನು ಸರ್ಕಾರವು ಕೊಡಬಹುದು. ಅದರ ಅರ್ಥವನ್ನು ಕಾಯುವವರು ನಾವು.

೭

ಶಬ್ದಗಳ ಅರ್ಥವು ಬಳಕೆಯಿಂದ ಬದಲಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಇಂಗ್ಲಿಷಿನ 'ಸ್ಪಿನ್‌ಸ್ಟರ್' ಎಂಬುದಕ್ಕೆ ನೂಲುವವಳು ಎಂದೇ ಮೂಲಾರ್ಥ. ಅನ್ನ ಸಂಪಾದಿಸುವ ಕಸುಬಿನ ಹೆಸರು ಅವಿವಾಹಿತೆಯ ಹೆಸರಾಗಿ, ಬಳಿಕ ಚುಚ್ಚುಮಾತಾಯಿತು. ಇಂಗ್ಲೆಂಡಿನ ವಿವಾಹದ ದಾಖಲೆಗಳಿಂದ ಅದನ್ನು ೨೦೦೫ರಲ್ಲಿ ತೆಗೆದರು. ಜರ್ಮನರು 'ಫ್ರಾಯ್ಲೈನ್' ಎಂಬುದನ್ನು ೧೯೭೨ರಲ್ಲಿಯೂ ಫ್ರೆಂಚರು 'ಮದ್ಮಾಜೆಲ್' ಎಂಬುದನ್ನು ೨೦೧೨ರಲ್ಲಿಯೂ ಸರ್ಕಾರದ ಕಾಗದಗಳಿಂದ ಬಿಟ್ಟರು. ನಮ್ಮ ಶಾಲೆಯ ಮಕ್ಕಳು ಯಾವ ಆಜ್ಞೆಯೂ ಇಲ್ಲದೆ ಇದಕ್ಕಿಂತ ಹೆಚ್ಚಿನದನ್ನು ಮಾಡಿದ್ದಾರೆ. ಅವಿವಾಹಿತೆಯೆಂದು ಅರ್ಥವಿದ್ದ 'ಮಿಸ್' ಎಂಬುದನ್ನು ತೆಗೆದುಕೊಂಡು, ತಾಳಿ ಕಟ್ಟಿಕೊಂಡವರಿಗೂ ಮೊಮ್ಮಕ್ಕಳನ್ನು ಕಂಡವರಿಗೂ ಒಂದೇ ಸಮನಾಗಿ 'ಮಿಸ್ಸು' ಎನ್ನುತ್ತಾರೆ. ಅವರ ಬಾಯಲ್ಲಿ ಅದಕ್ಕೆ ಗುರುವೆಂದೇ ಅರ್ಥ. ಪುಂಯೋಗದ ಶಬ್ದವೊಂದು ಮಕ್ಕಳ ಕೈಯಲ್ಲಿ ಆಚಾರ್ಯಾ ಎಂಬಂತೆ ಸ್ವಂತ ಕರ್ಮದ ಶಬ್ದವಾಯಿತು.

ದೊಡ್ಡವರ ರಾಜಕೀಯದಲ್ಲಿಯೂ ಇದು ನಡೆದಿದೆ. ೧೯೪೮ರಲ್ಲಿ ನಮ್ಮ ಮೇಲುಕೋಟೆಯಲ್ಲಿ ಹುಟ್ಟಿ ತಮಿಳುನಾಡಿನ ಮುಖ್ಯಮಂತ್ರಿಯಾದ ಜಯಲಲಿತೆಯವರನ್ನು ಸರ್ಕಾರದ ಕಾಗದಗಳು ಕುಮಾರಿಯೆಂಬ ಅರ್ಥದ 'ಸೆಲ್ವಿ' ಎಂದು ಕರೆಯುತ್ತಿದ್ದವು. ಜನರು 'ಅಮ್ಮ' ಎಂದರು. ೨೦೧೬ರಲ್ಲಿ ಅವರು ತೀರಿಕೊಂಡಾಗ ಕೇಳಿಬಂದುದು ಜನರ ಹೆಸರು. ಅವರ ಆಳ್ವಿಕೆಯ ಗುಣದೋಷಗಳು ಇಲ್ಲಿ ಪ್ರಸ್ತುತವಲ್ಲ.

ಆದರೆ ಮನೆಯ ಸಮಾರಂಭಗಳಲ್ಲಿ ನಾವು ಇನ್ನೂ ಹಿಂದೆ ಇದ್ದೇವೆ. ಸ್ವರ್ಣಗೌರಿಯ ಹಬ್ಬದಲ್ಲಿ ಮೊರದ ಬಾಗಿನವು ಮುತ್ತೈದೆಯರಿಗೆ. ನವರಾತ್ರಿಯ ಕನ್ಯಾಪೂಜೆಯು ಬಾಲೆಯರಿಗೆ. ಅರವತ್ತರ ಅವಿವಾಹಿತೆ ಎರಡಕ್ಕೂ ಸಲ್ಲಳು. ಹಸೆಯ ಮುಂದೆ ಆರತಿಗೆ ಕರೆಯುವಾಗ ಆಕೆ ಉಗ್ರಾಣದಲ್ಲಿ ತುಪ್ಪದ ಡಬ್ಬಿಗಳ ಲೆಕ್ಕ ನೋಡುತ್ತಿರುವಳು. ಯಾರೂ ಆಕೆಯನ್ನು ಹೊರಗೆ ಹೋಗೆಂದು ಹೇಳಿಲ್ಲ, ಒಳಗೆ ಬಾರೆಂದೂ ಹೇಳಿಲ್ಲ.

ಲಗ್ನಪತ್ರಿಕೆಯ ಕರಡನ್ನು ತಿದ್ದಿಕೊಡುವ ಕೆಲಸವು ನಿವೃತ್ತ ಉಪಾಧ್ಯಾಯರಿಗೆ ತಪ್ಪಿದ್ದಲ್ಲ. ಒಂದು ಮನೆಯವರು ತಂದ ಕರಡಿನಲ್ಲಿ ಹುಡುಗಿಯನ್ನು ಸಾಕಿ ಓದಿಸಿದ ಸೋದರತ್ತೆಯ ಹೆಸರು ಇರಲಿಲ್ಲ. ಕೇಳಿದಾಗ ಯಜಮಾನರು ಸಂಕೋಚದಿಂದ, "ಹೆಸರಿನ ಮುಂದೆ ಏನು ಹಾಕುವುದು ತಿಳಿಯಲಿಲ್ಲ, ಮೇಷ್ಟ್ರೇ. ಸೌ|| ಎನ್ನುವಂತಿಲ್ಲ. ಈ ವಯಸ್ಸಿನಲ್ಲಿ ಕುಮಾರಿ ಎಂದರೆ ನಾಲ್ಕು ಜನ ನಗುತ್ತಾರೆ. ಬಿಟ್ಟರೆ ಯಾವ ತೊಂದರೆಯೂ ಇಲ್ಲವೆಂದುಕೊಂಡೆವು" ಎಂದರು. ಅವರು ಕೆಟ್ಟವರಲ್ಲ, ಅಕ್ಕನ ಮೇಲೆ ಪ್ರಾಣವನ್ನೇ ಇಟ್ಟವರು. ಎರಡಕ್ಷರದ ಉಪಪದವು ಸಿಕ್ಕದೆ ಒಂದು ಜೀವವು ಪತ್ರಿಕೆಯಿಂದ ಬಿದ್ದುಹೋಗಿತ್ತು. "ಶ್ರೀಮತಿ ಎಂದು ಹಾಕಿ. ಶ್ರೀಮಾನ್ ಎಂಬುದಕ್ಕೆ ಅದು ಸ್ತ್ರೀಲಿಂಗ. ಶ್ರೀಯುಳ್ಳವಳು ಎಂದಷ್ಟೇ ಅರ್ಥ. ಅದರಲ್ಲಿ ಗಂಡನ ಮಾತೇ ಇಲ್ಲ" ಎಂದೆ. "ಶಾಸ್ತ್ರ ನಿಮಗೆ ಗೊತ್ತು, ಜನಕ್ಕೆ ಗೊತ್ತೇ?" ಎಂದರು ಅವರು. ಅದೂ ಸರಿಯೇ. "ಹಾಗಾದರೆ ಅವರನ್ನೇ ಕೇಳಿ" ಎಂದೆ. ಪತ್ರಿಕೆಯು ಅಚ್ಚಾಗಿ ಬಂದಾಗ ಆಹ್ವಾನಿಸುವವರ ಸಾಲಿನಲ್ಲಿ ಮೊದಲ ಹೆಸರೇ ಆಕೆಯದಾಗಿತ್ತು. ಮುಂದೆ ಯಾವ ಉಪಪದವೂ ಇರಲಿಲ್ಲ. ಕೆಳಗೆ 'ನಿವೃತ್ತ ಮುಖ್ಯೋಪಾಧ್ಯಾಯಿನಿ' ಎಂದಿತ್ತು. ಆಕೆಯೇ ಹೇಳಿ ಬರೆಯಿಸಿದ್ದರಂತೆ.

ಈ ಎಲ್ಲವನ್ನೂ ಸಂಗ್ರಹಿಸಿ ಹೇಳುವುದಾದರೆ ಹೀಗೆ. ಹಕ್ಕೋ ಮಾಸಾಶನವೋ ಅವಲಂಬಿಸಿರುವ ಕಡೆಯಲ್ಲಿ 'ಅವಿವಾಹಿತೆ' ಎಂಬುದು ಒಂದು ಸಂಗತಿ, ಅದನ್ನು ಬರೆಯಲಿ. ಅದರ ಹೊರಗೆ ಆ ಸಂಗತಿಯು ಯಾರ ಹೆಸರೂ ಅಲ್ಲ. ಹಳೆಯ ಹೆಸರುಗಳ ನಿಮಿತ್ತಗಳಲ್ಲಿ ಗಡುವು ಹೋಯಿತು, ಸ್ವತ್ತಿನ ಭೇದವು ಹೋಯಿತು. ಅವುಗಳಿಂದ ಬಂದ ನಿಂದೆಯೂ ಹೋಗತಕ್ಕದ್ದೇ. ಬಡತನವೆಂಬ ನಿಮಿತ್ತವು ಎಲ್ಲಿ ಇನ್ನೂ ಇದೆಯೋ ಅಲ್ಲಿ ಹೆಸರನ್ನು ತಿದ್ದುವ ಮೊದಲು ಪಾಲನ್ನು ಹಂಚಬೇಕು. ಇದು ಸರ್ಕಾರದ ಕೆಲಸವಲ್ಲ, ಅಣ್ಣತಮ್ಮಂದಿರ ಕೆಲಸ. ಉಳಿದಂತೆ, ಆಕೆಯನ್ನು ಏನೆಂದು ಕರೆಯಬೇಕೆಂಬ ಸಂದೇಹ ಬಂದಾಗ ಪಂಡಿತರನ್ನು ಕೇಳುವುದಕ್ಕಿಂತ ಆಕೆಯನ್ನೇ ಕೇಳುವುದು ಸುಲಭವೂ ಹೌದು, ಧರ್ಮವೂ ಹೌದು. ಬರುವ ಗೌರಿಯ ಹಬ್ಬದಲ್ಲಿ ನಮ್ಮ ಮನೆಗಳ ಹೆಂಗಸರು ಒಂದು ಮೊರದ ಬಾಗಿನವನ್ನು ಇಂತಹವರೊಬ್ಬರಿಗಾಗಿ ಹೆಚ್ಚಾಗಿ ತೆಗೆದಿರಿಸಿದರೆ, ಗೌರಿಯು ಮುನಿಯಲಾರಳೆಂದು ನನ್ನ ನಂಬಿಕೆ. ಆಕೆಯೂ ಬಹುಕಾಲ ತಂದೆಯ ಮನೆಯಲ್ಲಿ ತಪಸ್ಸು ಮಾಡಿದವಳೇ ಅಷ್ಟೆ.